ಬಾಡಿಗೆಯವರ ಹೊಗೆ

ಅಕ್-ಬುಲುತ್ ಬಡಾವಣೆ, ಬಿಷ್ಕೆಕ್
ಸೆಪ್ಟೆಂಬರ್ 3

ಶುದ್ಧಗಾಳಿ ಯೋಜನಾ ಕಚೇರಿಯ ಅಧಿಕಾರಿ ಶ್ರೀಮತಿ ಕಾಲಿಪಾ ಸಮಕೋವ್ನಾ ಅವರಿಗೆ, ಅಕ್-ಬುಲುತ್ ಬಡಾವಣೆಯ ಮುಖ್ಯಸ್ಥೆ ಬುರುಲ್ ಮಾಡಿಕೊಳ್ಳುವ ಅರ್ಜಿ.

ನೋಡು, ಬರೆದೇಬಿಟ್ಟೆ ನಿನ್ನ ಹೆಸರು. ನಿನ್ನ ಅಣ್ಣನ ಕೈಹಿಡಿದು ಬಂದ ಮೇಲೆ ನಿಮ್ಮ ಮನೆತನದ ಒಬ್ಬರ ಹೆಸರೂ ನನ್ನ ಬಾಯಿಂದ ಹೊರಬಿದ್ದಿಲ್ಲ. ಸೊಸೆಯಾದವಳು ಗಂಡನ ಕಡೆಯವರ ಹೆಸರು ಹಿಡಿಯಬಾರದು ಎಂದು ತವರೂರು ನಾರಿನ್‌ನಿಂದ ಹೊರಡುವಾಗಲೇ ನನ್ನ ತಾಯಿ ಕಿವಿ ಹಿಂಡಿ ಕಳಿಸಿದ್ದಳು. ನಿನ್ನನ್ನು ಇಷ್ಟು ವರ್ಷ ಓದುಮರಿ ಅಂತಲೇ ಕರೆದೆ. ಆದರೆ ನಿಮ್ಮ ಕಚೇರಿಯ ಕಿಟಕಿಯಲ್ಲಿ ಕೂತ ಹುಡುಗಿ, "ಓದುಮರಿ ಅನ್ನೋರು ಯಾರೂ ಇಲ್ಲಿ ಕೆಲ್ಸ ಮಾಡಲ್ಲಮ್ಮ" ಅಂದಳು. ಬೇರೆ ದಾರಿ ಇರಲಿಲ್ಲ.

ಫೋನ್ ಎತ್ತದವರೂ ಅರ್ಜಿಗೆ ಉತ್ತರ ಕೊಡಲೇಬೇಕು ಎಂದು ಕಾನೂನಿದೆಯಂತೆ. ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಈಗ ಹೇಗೆ ತಪ್ಪಿಸಿಕೊಳ್ಳುತ್ತೀಯೋ ನೋಡೋಣ.

ನೀನು ಮುಖ ಊದಿಸಿಕೊಂಡಿದ್ದೀಯ, ಗೊತ್ತು. ಟಿವಿಯಲ್ಲಿ ನಿಂತು, ನಗರದ ಉಸಿರು ಕಟ್ಟಿಸುತ್ತಿರುವುದು ಹೊಸ ಬಡಾವಣೆಗಳ ಕಲ್ಲಿದ್ದಲ ಒಲೆಗಳು ಅಂತ ಹೇಳಿ, ನಕಾಶೆಯಲ್ಲಿ ಕೋಲಿಟ್ಟು ನಮ್ಮ ಬೀದಿಯನ್ನೇ ಚುಚ್ಚಿದೆಯಲ್ಲ, ನನಗೆ ಮೈ ಉರಿದುಹೋಯಿತು. ಅದೇ ಬೀದಿಯ ಒಲೆಯ ಪಕ್ಕ ಕಾಲು ಚಾಚಿಕೊಂಡೇ ಅಲ್ಲವೇ ನೀನು ಐದು ವರ್ಷ ಓದಿದ್ದು? ಅದಕ್ಕೇ ಫೋನಿನಲ್ಲಿ ಹಾಗೆ ಕೂಗಾಡಿದೆ. ನಿನ್ನ ಅಣ್ಣ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಅಷ್ಟು ನೆಮ್ಮದಿ ಸಿಕ್ಕಿತು.

ಈಗ ವಿಷಯಕ್ಕೆ ಬರುತ್ತೇನೆ. ವಸಂತದಲ್ಲಿ ನಿಮ್ಮ ಕಚೇರಿಯಿಂದ ಎಲ್ಲ ಬಡಾವಣೆಗಳ ಮುಖ್ಯಸ್ಥರಿಗೂ ಒಂದು ಕಾಗದ ಬಂದಿತ್ತು: "ನಿಮ್ಮಲ್ಲಿ ಎಷ್ಟು ತುತುನ್ ಇವೆ?" ಎಷ್ಟು ಹೊಗೆ, ಅಂತ. ನಾನು 214 ಎಂದು ಬರೆದು ಕಳಿಸಿದೆ, ಮನೆ ಬೆಚ್ಚಗಿಡುವ ಗ್ಯಾಸಿನ ಬಾಯ್ಲರ್ ಅಷ್ಟೇ ಕೊಡುತ್ತೀರಂತೆ. ನಮ್ಮಲ್ಲಿ ಹೊಗೆ ಅಂದರೆ ಸಂಸಾರ ತಾನೆ? ಮದುವೆಗೋ ಸಾವಿಗೋ ಹೊಗೆಗೆ ಇಷ್ಟು ಅಂತ ಹಣ ಎತ್ತುತ್ತೇವಲ್ಲ, ಹಾಗೆಯೇ ಎಣಿಸಿದೆ. ಬಾಡಿಗೆಯವರನ್ನು ಯಾರು ಹೊಗೆ ಅಂತ ಎಣಿಸುತ್ತಾರೆ? ಅವರ ಹೊಗೆ ಅವರವರ ಊರಿನ ಲೆಕ್ಕಕ್ಕೆ ಸೇರಿದ್ದು. ಮೊನ್ನೆ ನಿಮ್ಮ ಎಂಜಿನಿಯರ್ ಬಂದು ಮಾಡುಗಳ ಕಡೆ ಕತ್ತೆತ್ತಿ, "ಏನಮ್ಮಾ, ಚಿಮಣಿ ಇಷ್ಟೊಂದಿವೆ, ನೀವು ಬರ್ದಿರೋದು ಕಮ್ಮಿ ಇದೆಯಲ್ಲ?" ಅಂದ. ನೀವು ಕೇಳಿದ್ದು ನಿಜವಾದ ಹೊಗೆ ಎಂದು ನನಗೆ ಆಗ ತಿಳಿಯಿತು.

ಅಂಗಳಗಳ ಬಾಡಿಗೆ ಕೋಣೆಗಳನ್ನೂ ಸೇರಿಸಿದರೆ ಒಲೆಗಳು ಮುನ್ನೂರರ ಹತ್ತಿರ ಬರುತ್ತವೆ. ನಮ್ಮ ಅಂಗಳದಲ್ಲೇ ಒಂದಿದೆ, ನೀನು ಓದುತ್ತಿದ್ದ ಕೋಣೆ. ಈಗ ಅಲ್ಲಿ ಸನಾಬರ್ ಅಂತ ಬತ್ಕೆನ್ ಕಡೆಯವಳಿದ್ದಾಳೆ, ಹೊಲಿಗೆ ಕಾರ್ಖಾನೆಗೆ ಹೋಗುತ್ತಾಳೆ. ಗಂಡ ರಷ್ಯಾದ ಕಜಾನಿಗೆ ದುಡಿಯಲು ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಮುನಾರಾ ಅಂತ ನಾಲ್ಕು ವರ್ಷದ ಮಗಳು, ನಾಲಿಗೆಗೆ ಮಾತ್ರ ನಲವತ್ತು ವರ್ಷ. ನಿನ್ನೆ ಸನಾಬರ್ ಕೇಳಿದಳು: "ಅಕ್ಕಾ, ಗ್ಯಾಸಿನ ಬಾಯ್ಲರ್ ನಮ್ ಕೋಣೆಗೂ ಬರುತ್ತಾ?" ಬರುತ್ತೆ ಅಂದುಬಿಟ್ಟೆ. ಲೆಕ್ಕ ತಿದ್ದಿ ಕಳಿಸಲೇ?

ನಿನ್ನ ಅತ್ತಿಗೆ, ಮತ್ತು ಅರ್ಜಿದಾರಳು,
ಬುರುಲ್


ಬಿಷ್ಕೆಕ್
ಸೆಪ್ಟೆಂಬರ್ 16

ಮಾನ್ಯರೇ, ತಮ್ಮ ಅರ್ಜಿ ತಲುಪಿದೆ, ಪರಿಶೀಲಿಸಲಾಗಿದೆ.

ಕಾನೂನಿಗೆ ಇಷ್ಟು ಸಾಕು. ಅತ್ತಿಗೆ, ನಿಮ್ಮ ಅರ್ಜಿ ಇಡೀ ಕಚೇರಿಯಲ್ಲಿ ಕೈಯಿಂದ ಕೈಗೆ ಓಡಾಡಿತು. ನಮ್ಮ ನಿರ್ದೇಶಕರೂ ಈಗ ನನ್ನನ್ನು ಓದುಮರಿ ಎನ್ನುತ್ತಿದ್ದಾರೆ. ಮಾನ ಕಳೆದದ್ದಕ್ಕೆ ನಿಮಗೆ ದಂಡ ಹಾಕಿಸಬೇಕು.

ಟಿವಿಯ ವಿಷಯದಲ್ಲಿ ನನ್ನ ಕಡೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಕೋಲು ನಿಮ್ಮ ಬೀದಿಯ ಮೇಲೆ ಹೋದದ್ದು ಕೈತಪ್ಪಿ ಅಲ್ಲ. ಆ ನಕಾಶೆಯಲ್ಲಿ ನನಗೆ ಕಣ್ಣು ಮುಚ್ಚಿದರೂ ಸಿಗುವ ಬೀದಿ ಅದೊಂದೇ. ಮನೆಗೆ ಬಂದ ಮೇಲೆ ಮತ್ತೆ ನೋಡಿದೆ, ನನಗೇ ನಾಚಿಕೆಯಾಯಿತು. ಅದಕ್ಕೇ ಫೋನ್ ಎತ್ತಲಿಲ್ಲ.

ಲೆಕ್ಕ ತಿದ್ದಬೇಡಿ, ಅತ್ತಿಗೆ. ಹಣ ಮೂರು ಕಡೆಯಿಂದ ಬರಬೇಕು: ಬ್ಯಾಂಕಿನ ಸಾಲ, ಹೊರದೇಶದ ನಿಧಿಯ ಅನುದಾನ, ನಗರದ ಪಾಲು. ಮೂವರೂ ಒಂದೇ ಸಂಖ್ಯೆಗೆ ರುಜು ಹಾಕಬೇಕು, ಹಾಕಿಯೂ ಆಗಿದೆ. ಈಗ ಮುನ್ನೂರು ಎಂದರೆ ಕಡತ ಮತ್ತೆ ಮೊದಲ ಮೇಜಿನಿಂದ ಹೊರಡಬೇಕು. ಮುಂದಿನ ವಸಂತದವರೆಗೆ ಯಾರಿಗೂ ಏನೂ ಸಿಗುವುದಿಲ್ಲ. ಇನ್ನೊಂದು ಚಳಿಗಾಲ ಇಡೀ ಅಕ್-ಬುಲುತ್ ಕಲ್ಲಿದ್ದಲು ಸುಡುತ್ತ, ಮಕ್ಕಳು ಕೆಮ್ಮುತ್ತ ಕೂರಬೇಕಾಗುತ್ತದೆ.

ನಿಮ್ಮೊಬ್ಬರಿಗೆ ಹೇಳುತ್ತೇನೆ. ಆ ಕಾಗದವನ್ನು ರಷ್ಯನ್‌ನಿಂದ ನಮ್ಮ ಭಾಷೆಗೆ ತಂದವಳು ನಾನೇ. ಒಲೆ ಎಂದು ಬರೆಯಬೇಕಿತ್ತು. ತುತುನ್ ಎಂದರೆ ಕಿವಿಗೆ ಇಂಪು, ನಮ್ಮವರ ಮನಸ್ಸಿಗೆ ಹತ್ತಿರ ಎಂದು ಹಾಗೆ ಬರೆದೆ. ತಪ್ಪು ನನ್ನದು. ಆದರೆ ಈಗ ಆ ತಪ್ಪೇ ನಮ್ಮನ್ನು ಕಾಪಾಡುತ್ತಿದೆ. ಯಾರಾದರೂ ಕೇಳಿದರೆ, ನಮ್ಮ ಪದ್ಧತಿಯಲ್ಲಿ ಹೊಗೆ ಅಂದರೆ ಸಂಸಾರ, ಹಾಗೆಯೇ ಎಣಿಸಿದ್ದೇವೆ ಅನ್ನಿ. ಕೇಳದಿದ್ದರೆ ನೀವಾಗಿ ಹೇಳಲು ಹೋಗಬೇಡಿ.

ಎರಡನೇ ಕಂತಿನಲ್ಲಿ ಬಾಡಿಗೆಯವರೇ ಮೊದಲು. ಆ ಹೆಂಗಸಿಗೆ ಹಾಗೆಂದು ಹೇಳಿ.

ನಿಮ್ಮ,
ಓದುಮರಿ


ಅಕ್-ಬುಲುತ್
ನವೆಂಬರ್ 12

ಓದುಮರೀ,

ಈಗ ಫೋನ್ ಎತ್ತುತ್ತೀಯ, ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಡುವೆ ನಿನ್ನ ಅಣ್ಣ ಬಾಯಿ ಹಾಕುತ್ತಾನೆ.

ಬಾಯ್ಲರ್ ಬಂತು. ಗೋಡೆಗೆ ನೇತುಹಾಕಿದ ಬಿಳಿ ಪೆಟ್ಟಿಗೆ, ಅದರೊಳಗೆ ಬೆರಳುದ್ದದ ನೀಲಿ ಉರಿ. ಇಷ್ಟೇನಾ ಅಂದುಕೊಂಡೆ. ಆದರೆ ಬೆಳಿಗ್ಗೆ ಎದ್ದು ಬೂದಿ ತೆಗೆಯುವ ಕೆಲಸವಿಲ್ಲ, ಬಕೆಟ್ ಹೊರುವ ಕೆಲಸವಿಲ್ಲ. ಹೊರಗೆ ಒಣಹಾಕಿದ ಬಿಳಿ ಹಾಸಿಗೆಬಟ್ಟೆ ಬಿಳಿಯಾಗಿಯೇ ಒಳಗೆ ಬರುತ್ತದೆ! ಬೀದಿಯ ಹೆಂಗಸರೆಲ್ಲ ನಿನಗೆ ಆಶೀರ್ವಾದ ಮಾಡುತ್ತಿದ್ದಾರೆ. ನಿನ್ನ ಅಣ್ಣ ಕುರ್ಚಿ ಹಾಕಿಕೊಂಡು ಆ ಪೆಟ್ಟಿಗೆಯ ಮುಂದೆ ಕೂರುತ್ತಾನೆ. "ಏನ್ ನೋಡ್ತಿದೀರಿ, ಸಿನಿಮಾನಾ?" ಅಂದರೆ, "ನನ್ ತಂಗಿ ತಂದಿದ್ದು, ನೋಡ್ತೀನಿ, ನಿಂಗೇನು?" ಅನ್ನುತ್ತಾನೆ.

ಒಂದೇ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಶುದ್ಧಗಾಳಿ ವಲಯ ಅಂತ ಬೋರ್ಡು ಹಾಕಿದ ಮೇಲೆ ಕಲ್ಲಿದ್ದಲಿನ ಲಾರಿಗಳನ್ನು ಬಡಾವಣೆಯ ಬಾಯಲ್ಲೇ ತಡೆಯುತ್ತಿದ್ದಾರೆ. ನಮಗೇನೋ ಸರಿ. ಬಾಡಿಗೆಯವರು ಏನು ಸುಡಬೇಕು? ಸನಾಬರ್ ಕಾರ್ಖಾನೆಯಿಂದ ಚೂರುಬಟ್ಟೆಯ ಮೂಟೆ ಹೊತ್ತು ತರುತ್ತಾಳೆ. ನೈಲಾನ್, ಜಾಕೆಟ್ಟಿನ ಒಳಪದರ, ಏನೇನೋ. ಉರಿಯುತ್ತದೆ, ಆದರೆ ಹೊಗೆ ಕಪ್ಪು ಟಾರಿನಂತೆ ಏಳುತ್ತದೆ. ನಮ್ಮ ಮನೆಯಲ್ಲೇ ಮಲಗು ಅಂದೆ. "ಬಾಡಿಗೆ ಕೊಡ್ತೀನಲ್ಲ ಅಕ್ಕ, ನನ್ ಕೋಣೇಲಿ ನಾನಿರ್ತೀನಿ. ಮಗೂನ ಬೇಕಾದ್ರೆ ಮಲಗಿಸ್ಕೊಳ್ಳಿ" ಅಂದಳು. ಸ್ವಾಭಿಮಾನ ಜಾಸ್ತಿ ಅವಳಿಗೆ.

ನಿನ್ನ ಅಣ್ಣ, ನಮ್ಮ ಬಾಯ್ಲರಿನಿಂದಲೇ ಅವಳ ಕೋಣೆಗೆ ಒಂದು ಬಿಸಿನೀರಿನ ಪೈಪ್ ಎಳೆದುಬಿಡೋಣ ಅಂದ. ಕೂರಿಸಿಹೋದ ಹುಡುಗರು, ಹಾಗೆ ಮಾಡಿದರೆ ಖಾತರಿ ರದ್ದಾಗುತ್ತದೆ ಅಂದಿದ್ದಾರೆ. ನಾನೇ ಬೇಡ ಅಂದೆ. ನೀನು ಒಂದು ಮಾತು ಹೇಳಿದರೆ ಎಳೆಸುತ್ತೇನೆ. ಹೇಳುತ್ತೀಯಾ?

ಅತ್ತಿಗೆ


ಬಿಷ್ಕೆಕ್
ನವೆಂಬರ್ 29

ಅತ್ತಿಗೆ,

ತಡವಾಯಿತು, ಬೈಯಬೇಡಿ. ನಿಧಿಯವರು ಬಂದಿದ್ದರು. ಶಾಲೆಯ ಮಾಳಿಗೆಯ ಮೇಲೆ ಗಾಳಿ ಅಳೆಯುವ ಯಂತ್ರವಿದೆಯಲ್ಲ, ಅದನ್ನು ತೋರಿಸಲು ಕರೆದುಕೊಂಡು ಹೋಗಿದ್ದೆ. ಗಾಳಿಯಲ್ಲಿನ ಕೊಳೆ ಹೋದ ವರ್ಷ ಇದೇ ವಾರದಲ್ಲಿ ಇದ್ದದ್ದರ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಬಂದವರಲ್ಲೊಬ್ಬಳು ಮಾಸ್ಕ್ ತೆಗೆದು ಉಸಿರೆಳೆದುಕೊಂಡು ನಕ್ಕಳು. ನನಗೆ ಅಳು ಬಂತು. ಹನ್ನೊಂದು ವರ್ಷದ ಕೆಲಸ ಅತ್ತಿಗೆ, ಮೊದಲ ಬಾರಿ ಒಂದು ಅಂಕಿ ಇಳಿದದ್ದು ನೋಡಿದೆ.

ನಿಮ್ಮ ಬೀದಿಯಿಂದ ಕೂಗಳತೆಯ ದೂರದಲ್ಲಿದ್ದೂ ಮನೆಗೆ ಬರಲಿಲ್ಲ. ಗಾಡಿಯಲ್ಲಿ ಜನ ಇದ್ದರು. ಅಂಗಳಕ್ಕೆ ಕರೆತಂದರೆ ಆ ಕೋಣೆಯ ಚಿಮಣಿ ಅವರ ಕಣ್ಣಿಗೆ ಬೀಳುತ್ತಿತ್ತು ಎಂಬುದೂ ನಿಜ. ನಿಮ್ಮ ಹತ್ತಿರ ಸುಳ್ಳು ಹೇಳಿ ಏನು ಪ್ರಯೋಜನ?

ಪೈಪ್ ಈಗ ಬೇಡ. ಮಾರ್ಚ್‌ವರೆಗೆ ತಪಾಸಣೆ ನಡೆಯುತ್ತದೆ. ಮೊದಲನೆಯ ಬಡಾವಣೆಯಲ್ಲೇ ಎಡವಟ್ಟಾದರೆ ಎರಡನೇ ಕಂತು ನಿಂತೇಹೋಗುತ್ತದೆ. ನನ್ನ ಹತ್ತಿರ ಒಂದು ವಿದ್ಯುತ್ ಹೀಟರ್ ಇದೆ, ನಮ್ಮ ಫ್ಲಾಟಿನಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಸನಾಬರ್‌ಗೆ ಅದನ್ನು ಕೊಡೋಣ. ಭಾನುವಾರ ನಾನೇ ತರುತ್ತೇನೆ. ಕತ್ತಮಾ ರೊಟ್ಟಿ ಮಾಡಿಡಿ, ಈರುಳ್ಳಿ ಜಾಸ್ತಿ ಹಾಕಿ.

ಓದುಮರಿ


ಅಕ್-ಬುಲುತ್
ಜನವರಿ 11

ಕಾಲಿಪಾ,

ಸನಾಬರ್ ತೀರಿಕೊಂಡಳು.

ಗುರುವಾರ ಬೆಳಿಗ್ಗೆ. ಹಿಂದಿನ ದಿನ ಮುನಾರಾ ನಮ್ಮಲ್ಲೇ ಕಾರ್ಟೂನ್ ನೋಡುತ್ತ ನಿದ್ದೆಹೋಗಿದ್ದಳು, ಎಬ್ಬಿಸಲಿಲ್ಲ. ಕಾರ್ಖಾನೆಗೆ ಹೊರಡುವ ಹೊತ್ತಾದರೂ ತಾಯಿ ಮಗುವನ್ನು ನೋಡಲು ಬರಲಿಲ್ಲ ಅಂತ ಹೋಗಿ ಬಾಗಿಲು ಬಡಿದೆ. ನಿನ್ನ ಅಣ್ಣ ಒದ್ದು ತೆಗೆದ. ಮಲಗಿದ ಹಾಗೆಯೇ ಇದ್ದಳು, ಕೆನ್ನೆ ಕೆಂಪಗೆ. ಬಟ್ಟೆಯ ಮಸಿ ಚಿಮಣಿಯ ಕೊಳವೆಯನ್ನು ಒಳಗೊಳಗೇ ಕಟ್ಟಿಹಾಕಿತ್ತಂತೆ. ವಿಷದ ಗಾಳಿಯೆಲ್ಲ ಕೋಣೆಯಲ್ಲೇ ತುಂಬಿತು. ಆಂಬುಲೆನ್ಸಿನ ಹುಡುಗ, "ನಿದ್ದೇಲೇ ಹೋಗಿದಾರೆ, ಏನೂ ಗೊತ್ತಾಗಿರಲ್ಲ" ಅಂದ. ಅದನ್ನು ಎಲ್ಲರಿಗೂ ಹಾಗೇ ಹೇಳುತ್ತಾರೋ ಏನೋ.

ಅವಳ ಚಿಕ್ಕಪ್ಪ ಬಂದು ದೇಹವನ್ನು ಊರಿಗೆ ಒಯ್ದ. ಮಗು ಇಲ್ಲೇ ಇದೆ. ಅಜ್ಜಿಗೆ ಕಾಲು ಬಾರದು, ಚಳಿ ಇಳಿದ ಮೇಲೆ ಕಳಿಸಿ ಅಂದಿದ್ದಾರೆ.

ತನಿಖೆಯವರು ಬಂದಿದ್ದರು. ಈ ಅಂಗಳದಲ್ಲಿ ಎರಡು ಒಲೆ ಇರುವಾಗ ಒಂದೇ ಅಂತ ಯಾಕೆ ಬರೆದಿರಿ ಅಂದರು. ನಾನು ಎಣಿಸಿದ್ದು ಹಾಗೆ ಅಂದೆ. "ಮೇಲಿನವ್ರನ್ನ ಕೇಳಿದ್ರಾ?" ಅಂದರು. ಯಾರನ್ನೂ ಕೇಳಲಿಲ್ಲ ಅಂದೆ. ನಾದಿನಿಯ ಗುಟ್ಟು ಕಾಯುವುದು ಅತ್ತಿಗೆಯಾದವಳ ಕೆಲಸ. ನಿನ್ನ ಗೆಳೆಯನ ಚೀಟಿಗಳನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟವಳು ನಾನೇ, ನಿನ್ನ ಅಪ್ಪನ ಎದುರು ನಿಂತು ಸುಳ್ಳು ಹೇಳಿದವಳೂ ನಾನೇ. ಆದರೆ ಆಗ ಸುಳ್ಳು ಹೇಳಿ ಒಳಗೆ ಬಂದು ಇಬ್ಬರೂ ನಕ್ಕಿದ್ದೆವು.

ನನ್ನನ್ನು ನಾನು ಹೊರಗಿಟ್ಟು ಮಾತಾಡುತ್ತಿಲ್ಲ. ನಿನ್ನ ಅಣ್ಣ ಪೈಪ್ ಎಳೆಯೋಣ ಅಂದಾಗ ಹೂಂ ಅಂದಿದ್ದರೆ ಮುಗಿದಿತ್ತು. ಒಂದು ಕಾಗದದ ಖಾತರಿಗೆ ಹೆದರಿದೆ. ತಿಂಗಳು ತಿಂಗಳು ಬಾಡಿಗೆ ಮಾತ್ರ ತಪ್ಪದೆ ತೆಗೆದುಕೊಂಡೆ.

ಭಾನುವಾರಗಳು ಬಂದವು, ಹೋದವು. ಮೊದಲನೆಯ ಭಾನುವಾರ ಕತ್ತಮಾ ಮಾಡಿದ್ದೆ. ಸನಾಬರ್ ಹೊಸ ಸ್ಕಾರ್ಫ್ ಕಟ್ಟಿಕೊಂಡು ಸಂಜೆಯವರೆಗೆ ಗೇಟು ನೋಡುತ್ತಿದ್ದಳು. ಕೊನೆಗೆ ನನಗೇ ಸಮಾಧಾನ ಹೇಳಿದಳು: "ಇರ್ಲಿ ಬಿಡಿ ಅಕ್ಕ, ದೊಡ್ಡ ಕೆಲ್ಸದವ್ರು, ನೆನಪಿರಲ್ಲ."

ಬುರುಲ್


ಅಕ್-ಬುಲುತ್
ಫೆಬ್ರವರಿ 6

ಕಾಲಿಪಾ,

ಉತ್ತರ ಬರಲಿಲ್ಲ. ಕಳೆದ ಸಲದ್ದು ಅರ್ಜಿಯಲ್ಲ, ಹಾಗಾಗಿ ನೀನು ಕೊಡಲೇಬೇಕೆಂದೇನೂ ಇಲ್ಲ.

ಬಡಾವಣೆಯ ಸಭೆ ಆಯಿತು. ನನ್ನನ್ನು ಮುಖ್ಯಸ್ಥೆ ಸ್ಥಾನದಿಂದ ಇಳಿಸಿದರು. ನವೆಂಬರಿನಲ್ಲಿ ನಿನಗೆ ಆಶೀರ್ವಾದ ಮಾಡಿದ ಹೆಂಗಸರೇ ಕೈ ಎತ್ತಿದರು. ಅವರ ಅಂಗಳಗಳಲ್ಲೂ ಬಾಡಿಗೆಯವರಿದ್ದಾರೆ. ಈಗ ಎಲ್ಲರೂ ಪೈಪ್ ಎಳೆಸುತ್ತಿದ್ದಾರೆ, ಖಾತರಿಯ ಮಾತು ಯಾರೂ ಎತ್ತುವುದಿಲ್ಲ. ನನ್ನ ಮೇಲೆ ಕೇಸು ಹಾಕಬಹುದು ಅಂತ ವಕೀಲ ಹೇಳಿದ. ನಿನ್ನ ಅಣ್ಣ ಇಡೀ ದಿನ ಬೇಲಿ ರಿಪೇರಿ ಮಾಡುತ್ತಾನೆ, ಬೇಲಿಗೆ ಏನೂ ಆಗಿಲ್ಲ. ನಿನ್ನ ಕಾಗದಗಳ ವಿಷಯ ಅವನಿಗೆ ನಾನು ಹೇಳಿಲ್ಲ.

ಮುನಾರಾ ಈಗ ಮೊದಲಿನಂತೆ ಮಾತಾಡುವುದಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ.

ಬುರುಲ್


ಬತ್ಕೆನ್
ಮಾರ್ಚ್ 14

ಅತ್ತಿಗೆ,

ಮಗು ಕ್ಷೇಮವಾಗಿ ತಲುಪಿತು. ಓಶ್‌ನಿಂದ ಈಚೆಗೆ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಮಲಗಿತ್ತು. ಏಪ್ರಿಕಾಟ್ ತೋಟಗಳು ಶುರುವಾದಾಗ ಎದ್ದು ಕೂತು, "ಇದು ನಮ್ಮೂರು, ನಿಮ್ಮೂರಲ್ಲ" ಅಂತ ನನಗೆ ಎಚ್ಚರಿಕೆ ಕೊಟ್ಟಳು. ಬೆಳಿಗ್ಗೆಯಿಂದ ಅವಳ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು.

ಮೊನ್ನೆ ನಾನು ಅವಳನ್ನು ಕರೆದೊಯ್ಯಲು ಬಂದಾಗ ನೀವು ಬಟ್ಟೆಯ ಗಂಟನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟಿರಿ. ಬಾಗಿಲಲ್ಲಿ ಹೇಳಬೇಕೆಂದು ಬಂದದ್ದು ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಜನವರಿಯ ಪತ್ರ ಓದಿದ ದಿನವೇ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ನೀವು ಯಾರನ್ನೂ ಕೇಳಲಿಲ್ಲ ಎಂದಿರಿ ಎಂದು ಓದಿದಾಗ ನನಗೆ ಮೊದಲು ಬಂದದ್ದು ದುಃಖವಲ್ಲ ಅತ್ತಿಗೆ, ನೆಮ್ಮದಿ. ಉಳಿದೆ ಅಂದುಕೊಂಡೆ. ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಎರಡನೇ ಕಂತಿನ ಸಭೆ ಮುಗಿಯಲಿ, ಹತ್ತು ಬಡಾವಣೆಗಳ ಹಣ ಬರಲಿ, ಆಮೇಲೆ ಹೇಳುತ್ತೇನೆ ಎಂದು ನನಗೇ ಸಬೂಬು ಹೇಳಿಕೊಂಡು ಕೂತೆ. ಸನಾಬರ್ ಹೋದ ದಿನ ಶಾಲೆಯ ಮಾಳಿಗೆಯ ಯಂತ್ರ ಈ ಚಳಿಗಾಲದ ಅತ್ಯಂತ ಒಳ್ಳೆಯ ಅಂಕಿ ತೋರಿಸಿತ್ತು. ಅದನ್ನು ವರದಿಯಲ್ಲಿ ಸೇರಿಸಿದೆ. ಹೀಟರ್ ನಮ್ಮ ಮುಂಬಾಗಿಲ ಪಕ್ಕ ನಿಂತೇ ಇತ್ತು. ದಿನವೂ ಅದರ ಮೇಲೆ ಕೋಟು ನೇತುಹಾಕುತ್ತಿದ್ದೆ.

ಕಳೆದ ಸೋಮವಾರ ತನಿಖೆಯವರ ಹತ್ತಿರ ಹೋದೆ. ಕಾಗದದಲ್ಲಿ ತುತುನ್ ಎಂಬ ಮಾತು ಹಾಕಿದವಳು ನಾನು, ತಿದ್ದಬೇಡಿ ಎಂದವಳು ನಾನು, ಪೈಪ್ ಬೇಡ ಎಂದವಳೂ ನಾನು ಎಂದು ಹೇಳಿ ರುಜು ಹಾಕಿ ಬಂದೆ. ಕೆಲಸದಿಂದ ನಿಲ್ಲಿಸಿದ್ದಾರೆ. ನಿರ್ದೇಶಕರು, "ಸುಮ್ನಿದ್ದಿದ್ರೆ ಸಾವಿರಾರು ಮನೆಗೆ ಒಳ್ಳೇದಾಗ್ತಿತ್ತು ಕಾಲಿಪಾ" ಎಂದರು. ಇರಬಹುದು. ಬ್ಯಾಂಕಿನವರು ಎರಡನೇ ಕಂತನ್ನು ನಿಲ್ಲಿಸಿದ್ದಾರೆ, ಮತ್ತೆ ಎಣಿಸಿ, ಈ ಸಲ ಒಲೆಗಳನ್ನೇ ಎಣಿಸಿ ಎಂದಿದ್ದಾರೆ. ಇನ್ನೊಂದು ಚಳಿಗಾಲ ಆ ಹತ್ತು ಬಡಾವಣೆಗಳು ಹೊಗೆಯಲ್ಲೇ ಕೂರುತ್ತವೆ. ಅದೂ ನನ್ನ ತಲೆಯ ಮೇಲೆಯೇ. ನಿಮ್ಮ ಮೇಲೆ ಕೇಸು ಬರುವುದಿಲ್ಲ, ವಕೀಲರ ಹತ್ತಿರ ಕೇಳಿದ್ದೇನೆ. ಅಣ್ಣನಿಗೆ ನಾನೇ ಬಂದು ಹೇಳುತ್ತೇನೆ. ಮನೆಯೊಳಗೆ ಬಿಡದಿದ್ದರೆ ಬೇಲಿಯ ಆಚೆ ನಿಂತು ಹೇಳುತ್ತೇನೆ.

ಇಲ್ಲಿ ಸನಾಬರ್‌ಳ ತಾಯಿ ನನ್ನನ್ನು ಯಾರೆಂದು ಕೇಳಲೇ ಇಲ್ಲ. ಮೊದಲು ಒಳಗೆ ಕೂರಿಸಿದರು, ರೊಟ್ಟಿ ಮುರಿದು ಮುಂದಿಟ್ಟರು, ಒಣ ಏಪ್ರಿಕಾಟ್ ಸುರಿದರು. ಮಗು ಅವರ ಬೆನ್ನಿಗೆ ಅಂಟಿಕೊಂಡಿತ್ತು. ಸನಾಬರ್‌ಗಾಗಿ ಪ್ರಾರ್ಥನೆ ಮಾಡಿ ಮುಖದ ಮೇಲೆ ಕೈ ಸವರಿಕೊಂಡ ಮೇಲೆ ನಾನು ಹೇಳಲು ಶುರುಮಾಡಿದೆ. ಎಲ್ಲವನ್ನೂ ಹೇಳಿದೆ, ಅತ್ತಿಗೆ. ನಿಧಿ, ಬ್ಯಾಂಕು, 214, ಕಡತ. ನಿಮ್ಮ ಮಗಳ ಒಲೆಯನ್ನು ಲೆಕ್ಕದಿಂದ ಹೊರಗಿಟ್ಟವಳು ನಾನು, ಕೊಡುತ್ತೇನೆಂದ ಹೀಟರ್ ತಂದುಕೊಡದವಳೂ ನಾನೇ ಎಂದೆ. ಆಕೆ ಬಟ್ಟಲಿಗೆ ಚಹಾ ಬಗ್ಗಿಸುತ್ತ ಕೇಳಿಸಿಕೊಂಡರು. ಅರ್ಥವಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಬೈದರೆ ಸಾಕು, ಎದ್ದು ಹೊರಗೆ ನಡಿ ಎಂದರೆ ಸಾಕು ಎಂದು ಕಾಯುತ್ತಿದ್ದೆ.

ಚಹಾದ ಪಾತ್ರೆ ಕೆಳಗಿಟ್ಟು ಆಕೆ ಕೇಳಿದರು: "ಫೋನ್ ಮಾಡ್ದಾಗೆಲ್ಲ ಚಳಿ ಅಮ್ಮಾ, ಚಳಿ ಅಮ್ಮಾ ಅಂತಿದ್ಲು. ಹೋದ್ಲಲ್ಲ, ಅವತ್ತು... ಅವತ್ತೂ ಅವ್ಳಿಗೆ ಚಳಿ ಆಗಿತ್ತಾ?"

ತನಿಖೆಯವರ ಕಾಗದದಲ್ಲಿ ನಾನು ಓದಿದ್ದೆ. ಒಲೆಯ ತುಂಬ ಬಟ್ಟೆ ಇತ್ತು, ಚೆನ್ನಾಗಿ ಉರಿದಿತ್ತು, ಅವಳು ಸ್ವೆಟರ್ ತೆಗೆದಿಟ್ಟು ಮಲಗಿದ್ದಳು.

"ಇಲ್ಲಮ್ಮ," ಎಂದೆ. "ಕೋಣೆ ಬೆಚ್ಚಗಿತ್ತು."

"ಸದ್ಯ," ಎಂದರು ಆಕೆ. ಬಟ್ಟಲನ್ನು ನನ್ನ ಕಡೆ ಸರಿಸಿ, "ಇಷ್ಟು ದೂರ ಬಂದು ಹೇಳಿದ್ಯಲ್ಲ ಮಗಳೇ, ನಿಂಗೆ ಒಳ್ಳೇದಾಗ್ಲಿ" ಎಂದು ನನ್ನ ಎರಡೂ ಕೈ ಹಿಡಿದುಕೊಂಡು, ಅವು ತಣ್ಣಗಿವೆ ಎಂದು ತಮ್ಮ ಕೈಯೊಳಗಿಟ್ಟು ಉಜ್ಜತೊಡಗಿದರು.

ಕಾಲಿಪಾ